ಕಂಪೈಲರ್‌ನದೇ ತಪ್ಪು ಎಂದು ತೋರಿಸುವುದು ಹೇಗೆ?

ಪ್ರೋಗ್ರಾಮ್ ಬರೆಯುವವರನ್ನು ಕಂಪೈಲರ್ ದಿನಕ್ಕೆ ಹತ್ತು ಸಲ ಬೈಯುತ್ತದೆ. ಇಲ್ಲಿ ಸೆಮಿಕೋಲನ್ ಬಿಟ್ಟಿದ್ದೀರಿ, ಅಲ್ಲಿ ಬ್ರಾಕೆಟ್ ಮುಚ್ಚಿಲ್ಲ, ಈ ಹೆಸರನ್ನು ಎಲ್ಲೂ ಘೋಷಿಸಿಲ್ಲ. ಬೈಸಿಕೊಂಡವರು ಕೋಡ್ ತೆಗೆದು ನೋಡಿದರೆ ತಪ್ಪು ತಮ್ಮದೇ ಇರುತ್ತದೆ. ಅಪರೂಪಕ್ಕೊಮ್ಮೆ ಮಾತ್ರ ಅದರ ಧಾಟಿ ಬದಲಾಗುತ್ತದೆ. ಜಿಸಿಸಿ ಎಂಬ ಕಂಪೈಲರ್ ಬಳಸುವವರಿಗೆ ಆ ಸಂದೇಶ ಗೊತ್ತು: ಕಂಪೈಲರ್‌ನ ಒಳಗೇ ಏನೋ ಕೆಟ್ಟಿದೆ, ದಯವಿಟ್ಟು ಪೂರ್ಣ ವರದಿ ಕಳಿಸಿ ಎಂದು ಅದು ತಾನೇ ಕೇಳಿಕೊಳ್ಳುತ್ತದೆ.

ಇದು ಸಭ್ಯ ಜಾತಿಯ ಬಗ್. ಕೆಲಸ ನಿಲ್ಲಿಸುತ್ತದೆ, ನಿಲ್ಲಿಸಿದ್ದೇನೆ ಎಂದು ಹೇಳುತ್ತದೆ. ಇನ್ನೊಂದು ಜಾತಿ ಇದೆ. ಅಲ್ಲಿ ಕಂಪೈಲರ್ ತುಟಿ ಪಿಟಕ್ಕೆನ್ನದೆ ನಿಮ್ಮ ಪ್ರೋಗ್ರಾಮನ್ನು ಯಂತ್ರಭಾಷೆಗೆ ಇಳಿಸಿಕೊಡುತ್ತದೆ, ಆದರೆ ಇಳಿಸಿಕೊಟ್ಟದ್ದು ನೀವು ಬರೆದದ್ದಲ್ಲ. ಉತ್ತರ ತಪ್ಪು ಬರುತ್ತದೆ. ನೀವು ವಾರಗಟ್ಟಲೆ ನಿಮ್ಮ ಕೋಡನ್ನೇ ಜಾಲಾಡುತ್ತೀರಿ.

ಇಂಥವು ಎಷ್ಟಿರಬಹುದು? ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಜಾನ್ ರೆಗರ್ ಮತ್ತು ಸಂಗಡಿಗರು ಸಿ ಭಾಷೆಯಲ್ಲಿ ಅಡ್ಡಾದಿಡ್ಡಿ ಆದರೆ ನಿಯಮಬದ್ಧ ಪ್ರೋಗ್ರಾಮ್‌ಗಳನ್ನು ತಾನಾಗಿ ಹೆಣೆಯುವ ‘ಸಿಸ್ಮಿತ್’ ಎಂಬ ಸಾಧನ ಕಟ್ಟಿದರು. ಹೆಣೆದದ್ದನ್ನು ಹಲವು ಕಂಪೈಲರ್‌ಗಳಿಗೆ ಉಣಿಸಿ ಉತ್ತರಗಳು ಹೊಂದುತ್ತವೆಯೇ ಎಂದು ನೋಡಿದರು. ಮೂರು ವರ್ಷಗಳಲ್ಲಿ, ಅದುವರೆಗೆ ಯಾರಿಗೂ ತಿಳಿದಿರದ 325ಕ್ಕೂ ಹೆಚ್ಚು ಬಗ್‌ಗಳು ಸಿಕ್ಕವು ಎಂದು 2011ರಲ್ಲಿ ಪ್ರಕಟಿಸಿದರು. ಪರೀಕ್ಷಿಸಿದ ಪ್ರತಿಯೊಂದು ಕಂಪೈಲರೂ ಕುಸಿದು ಬಿದ್ದಿತ್ತು, ಪ್ರತಿಯೊಂದೂ ಸದ್ದಿಲ್ಲದೆ ತಪ್ಪು ಕೋಡ್ ಕೊಟ್ಟಿತ್ತು. ಕಾಂಪ್‌ಸರ್ಟ್ ಎಂಬ ಕಂಪೈಲರ್‌ನ, ಸರಿಯೆಂದು ಗಣಿತದ ಮೂಲಕ ಸಾಧಿಸಿ ತೋರಿಸಿದ್ದ ನಡುಭಾಗದಲ್ಲಿ ಮಾತ್ರ ತಪ್ಪು ಕೋಡ್ ಹುಟ್ಟಿಸುವ ಬಗ್ ಒಂದೂ ಸಿಗಲಿಲ್ಲ.

ಸಿಸ್ಮಿತ್‌ಗೆ ಗೊತ್ತಿರುವುದು ಮುಖ್ಯವಾಗಿ ಸಿ. ಸಿ++ನಲ್ಲಿ ಕ್ಲಾಸುಗಳಿವೆ, ಇನ್‌ಹೆರಿಟೆನ್ಸ್ ಇದೆ, ಟೆಂಪ್ಲೇಟುಗಳಿವೆ. ಅವೆಲ್ಲ ಒಂದರ ಮೇಲೊಂದು ಬಿದ್ದು ಗೋಜಲಾಗುವ ಒಂದು ಮೂಲೆಯೂ ಇದೆ. ಅದು ಕ್ಲಾಸಿನ ಮೆಂಬರ್‌ಗೆ ಪಾಯಿಂಟರ್. ಅನೇಕ ಸಿ++ ಎಂಜಿನಿಯರುಗಳು ಇಡೀ ವೃತ್ತಿಜೀವನದಲ್ಲಿ ಅದನ್ನು ಮುಟ್ಟದೆಯೇ ನಿವೃತ್ತರಾಗುತ್ತಾರೆ. ಕಂಪೈಲರ್ ಬರೆಯುವವರಿಗೆ ಆ ಸೌಭಾಗ್ಯವಿಲ್ಲ.

ಮಾಮೂಲಿ ಪಾಯಿಂಟರ್ ಎಂದರೆ ಮೆಮೊರಿಯ ಒಂದು ವಿಳಾಸ. ಮೆಂಬರ್ ಪಾಯಿಂಟರ್ ಹಾಗಲ್ಲ. ಬೀದಿಯ ಹೆಸರು ಹೇಳದೆ ‘ಎಡಗಡೆ ಮೂರನೇ ಮನೆ’ ಎಂದಷ್ಟೇ ಹೇಳಿದಂತೆ ಅದು. ಯಾವ ಬೀದಿಗೆ ಹೋದರೂ ಆ ಮಾತು ಸಲ್ಲುತ್ತದೆ, ಆದರೆ ಬೀದಿ ಯಾವುದೆಂದು ಗೊತ್ತಾಗುವ ತನಕ ಮನೆ ಸಿಗುವುದಿಲ್ಲ. ‘ನೌಕರ’ ಎಂಬ ಕ್ಲಾಸ್ ಇದೆ ಎನ್ನಿ. ಅದರಲ್ಲಿ ಸಂಖ್ಯೆ, ವಯಸ್ಸು, ಸಂಬಳ ಎಂಬ ಮೂರು ಪೂರ್ಣಾಂಕಗಳು, ತಲಾ 4 ಬೈಟ್. ‘&ನೌಕರ::ಸಂಬಳ’ ಎಂದು ಬರೆದರೆ ಸಿಗುವುದು ಯಾವ ನೌಕರನ ಸಂಬಳವೂ ಅಲ್ಲ; ನೌಕರ ಎಂಬ ಯಾವುದೇ ವಸ್ತುವಿನ ತಲೆಯಿಂದ ಎಷ್ಟು ಬೈಟ್ ದಾಟಿದರೆ ಸಂಬಳ ಸಿಗುತ್ತದೆ ಎಂಬ ಲೆಕ್ಕ, ಅಂದರೆ 8. ವಯಸ್ಸಿಗೆ 4, ಸಂಖ್ಯೆಗೆ 0. (ಹೀಗೆ ಕನ್ನಡ ಹೆಸರುಗಳನ್ನಿಟ್ಟೇ ಸಿ++ ಬರೆಯಬಹುದು. 2020ರಲ್ಲಿ ಬಂದ ಜಿಸಿಸಿ 10ರಿಂದ ಅದಕ್ಕೆ ಅಡ್ಡಿಯಿಲ್ಲ. ಕೀವರ್ಡ್‌ಗಳು ಮಾತ್ರ ಇಂಗ್ಲಿಷಿನವೇ.) ಇದರ ಉಪಯೋಗವೂ ಸರಳ: ಪಟ್ಟಿಯನ್ನು ಜೋಡಿಸುವ ಒಂದೇ ಫಂಕ್ಷನ್ ಬರೆದು, ಯಾವ ಕಾಲಮ್ಮಿನ ಪ್ರಕಾರ ಜೋಡಿಸಬೇಕು ಎಂಬುದನ್ನು ಹೊರಗಿನಿಂದ ಕೊಡಬಹುದು.

ಈಗ ತೊಡಕು ನೋಡಿ. ‘ಯಾವುದನ್ನೂ ತೋರಿಸುತ್ತಿಲ್ಲ’ ಎನ್ನುವುದಕ್ಕೆ ಮಾಮೂಲಿ ಪಾಯಿಂಟರ್‌ನಲ್ಲಿ 0 ಇಡುತ್ತಾರೆ. ಅದಕ್ಕೆ ನಲ್ ಎಂದು ಹೆಸರು. ಇಲ್ಲಿ 0 ಇಡುವಂತಿಲ್ಲ, ಏಕೆಂದರೆ 0 ಎಂದರೆ ಮೊದಲನೇ ಮೆಂಬರ್, ನಮ್ಮ ಉದಾಹರಣೆಯಲ್ಲಿ ನೌಕರನ ಸಂಖ್ಯೆ. ಹಾಗಾಗಿ ಜಿಸಿಸಿ ಮತ್ತು ಕ್ಲಾಂಗ್ ಎಂಬ ಇನ್ನೊಂದು ಕಂಪೈಲರ್ ಎರಡೂ ಇಲ್ಲಿ ನಲ್‌ಗೆ −1 ಇಟ್ಟುಕೊಂಡಿವೆ. ಸಣ್ಣ ನಿರ್ಧಾರ, ಪರಿಣಾಮ ಮಾತ್ರ ದೂರ ಹೋಗುತ್ತದೆ. ಗ್ಲೋಬಲ್ ವೇರಿಯಬಲ್‌ಗಳನ್ನೆಲ್ಲ ಸೊನ್ನೆ ತುಂಬಿ ಕೊಡುವುದು ಸಿ++ನ ವಾಡಿಕೆ. ಸಾವಿರ ಮೆಂಬರ್ ಪಾಯಿಂಟರ್‌ಗಳ ಒಂದು ಸಾಲಿದ್ದರೆ ಅಲ್ಲಿ ಸೊನ್ನೆ ತುಂಬಬಾರದು, −1 ತುಂಬಬೇಕು. ಆ ಸಾಲು ಇನ್ನೊಂದು ಕ್ಲಾಸಿನ ಒಳಗೆ, ಅದು ಮತ್ತೊಂದರ ಒಳಗೆ ಅಡಗಿದ್ದರೂ ಕಂಪೈಲರ್ ಅದನ್ನು ಪತ್ತೆಹಚ್ಚಲೇಬೇಕು. ‘ಈ ಬಗೆಯ ವಸ್ತುವಿಗೆ ಸೊನ್ನೆ ತುಂಬಿದರೆ ನಡೆಯುತ್ತದೆಯೇ?’ ಎಂದು ಕೇಳುವುದಕ್ಕೇ ಒಂದು ಫಂಕ್ಷನ್ ಕ್ಲಾಂಗ್‌ನ ಒಳಗಿದೆ. ಆ ಪ್ರಶ್ನೆಯನ್ನು ಕೇಳಬೇಕಾದ ಕಡೆ ಕೇಳದೆ ಬಿಟ್ಟರೆ ಮುಗಿಯಿತು, ‘ಏನೂ ಇಲ್ಲ’ ಎಂಬುದು ‘ಮೊದಲನೆಯದು’ ಎಂದಾಗುತ್ತದೆ. ಪ್ರೋಗ್ರಾಮ್ ಕುಸಿಯುವುದೂ ಇಲ್ಲ. ಸಂಬಳದ ಬದಲು ಸಂಖ್ಯೆ ತೋರಿಸಿಕೊಂಡು ಹಾಯಾಗಿ ಓಡುತ್ತದೆ.

ಮೆಂಬರ್ ಪಾಯಿಂಟರ್‌ನ ಒಳಗೇನಿದೆ ನೋಡೋಣ ಎಂದು ಅದನ್ನು ಮಾಮೂಲಿಯಾಗಿ ಪ್ರಿಂಟ್ ಮಾಡಿಸಿದವರಿಗೆ 8ರ ಬದಲು 1 ಕಾಣುತ್ತದೆ. ವಯಸ್ಸಿಗೂ 1, ಸಂಖ್ಯೆಗೂ 1. ಬಗ್ ಸಿಕ್ಕಿತು ಎಂದು ಕುಣಿಯುವ ಹಾಗಿಲ್ಲ. ಪ್ರಿಂಟ್ ಮಾಡುವ ಫಂಕ್ಷನ್ನಿಗೆ ಈ ಬಗೆಯ ಪಾಯಿಂಟರ್ ಗೊತ್ತಿಲ್ಲದ್ದರಿಂದ ಭಾಷೆಯ ನಿಯಮದಂತೆ ಅದು ‘ನಲ್ ಅಲ್ಲ’, ಅಂದರೆ ‘ಹೌದು’, ಅಂದರೆ 1 ಎಂದು ಬದಲಾಗುತ್ತದೆ. ಹೊಸಬರು ಬಗ್ ಎಂದುಕೊಳ್ಳುವ ಬಹುಪಾಲು ಸಂಗತಿಗಳು ಈ ಥರದವು.

ಇಷ್ಟು ಡೇಟಾದ ಕಥೆ. ಮೆಂಬರ್ ಫಂಕ್ಷನ್ನಿಗೆ ಪಾಯಿಂಟರ್ ಇನ್ನೂ ವಿಚಿತ್ರ ಪ್ರಾಣಿ. ಇಂದಿನ 64 ಬಿಟ್‌ನ ಲಿನಕ್ಸ್ ಯಂತ್ರದಲ್ಲಿ ಮಾಮೂಲಿ ಫಂಕ್ಷನ್ ಪಾಯಿಂಟರ್ 8 ಬೈಟ್ ಇದ್ದರೆ ಇದು 16 ಬೈಟ್. ಒಳಗೆ ಇರುವುದು ಎರಡು ಸಂಖ್ಯೆ. ಒಂದು, ಕರೆಯಬೇಕಾದ ಫಂಕ್ಷನ್ ಯಾವುದು ಎಂಬುದು. ಇನ್ನೊಂದು, ಕರೆಯುವ ಮೊದಲು ವಸ್ತುವಿನ ವಿಳಾಸವನ್ನು ಎಷ್ಟು ಸರಿಸಬೇಕು ಎಂಬುದು. ಗಡಿಯಾರ ಮತ್ತು ರೇಡಿಯೊ ಎಂಬ ಎರಡು ಕ್ಲಾಸುಗಳಿಂದ ‘ಗಡಿಯಾರ ರೇಡಿಯೊ’ ಹುಟ್ಟಿದೆ ಎನ್ನಿ. ಮೆಮೊರಿಯಲ್ಲಿ ಗಡಿಯಾರದ ಭಾಗ ಮೊದಲು, ಅದು 16 ಬೈಟ್. ರೇಡಿಯೊ ಭಾಗ ಆಮೇಲೆ. ರೇಡಿಯೊದ ದನಿ ಏರಿಸುವ ಫಂಕ್ಷನ್ನಿಗೆ ಇಡೀ ವಸ್ತುವಿನ ವಿಳಾಸ ಕೊಟ್ಟರೆ ಅದು ಗಡಿಯಾರದ ಮುಳ್ಳುಗಳನ್ನು ತಿರುಗಿಸೀತು. ಅದಕ್ಕೇ 16 ಸರಿಸಿ ಕೊಡಬೇಕು. ಆ 16 ಪಾಯಿಂಟರ್‌ನ ಎರಡನೇ ಭಾಗದಲ್ಲಿರುತ್ತದೆ.

ಮೊದಲನೇ ಭಾಗದಲ್ಲಿ ಇನ್ನೊಂದು ಕೈಚಳಕವಿದೆ. ಫಂಕ್ಷನ್ ವರ್ಚುವಲ್ ಆಗಿದ್ದರೆ ಯಾವುದನ್ನು ಕರೆಯಬೇಕೆಂಬುದು ಪ್ರೋಗ್ರಾಮ್ ಓಡುವಾಗಲೇ ತೀರ್ಮಾನವಾಗಬೇಕು, ಆದ್ದರಿಂದ ವಿಳಾಸದ ಬದಲು ಆ ಕ್ಲಾಸಿನ ವರ್ಚುವಲ್ ಫಂಕ್ಷನ್‌ಗಳ ಕೋಷ್ಟಕದಲ್ಲಿನ ಸ್ಥಾನವನ್ನು ಇಡಬೇಕು. ಇಟ್ಟದ್ದು ವಿಳಾಸವೋ ಸ್ಥಾನವೋ ತಿಳಿಯುವುದು ಹೇಗೆ? ಸ್ಥಾನವಾಗಿದ್ದರೆ 1 ಕೂಡಿಸಿ ಬೆಸಸಂಖ್ಯೆ ಮಾಡುತ್ತಾರೆ. ವಿಳಾಸವಾಗಿದ್ದರೆ ಅದು ಸಮಸಂಖ್ಯೆಯೇ ಆಗಿರುವಂತೆ ಕಂಪೈಲರ್ ಎಚ್ಚರ ವಹಿಸುತ್ತದೆ. ಒಂದೇ ಬಿಟ್‌ನಲ್ಲಿ ಕೆಲಸ ಮುಗಿಯಿತು. ಆದರೆ ಆರ್ಮ್ ಪ್ರೊಸೆಸರ್‌ಗಳಲ್ಲಿ ಈ ಉಪಾಯ ನಡೆಯುವುದಿಲ್ಲ. ಅಲ್ಲಿ ‘ಥಂಬ್’ ಎಂಬ ಚಿಕ್ಕ ಸೂಚನೆಗಳ ಫಂಕ್ಷನ್‌ಗಳನ್ನು ಗುರುತಿಸಲು ವಿಳಾಸದ ಅದೇ ಕೊನೆಯ ಬಿಟ್ಟನ್ನು ಆಗಲೇ ಬಳಸಿಕೊಂಡಿದ್ದಾರೆ. ಹಾಗಾಗಿ ಆರ್ಮ್‌ನಲ್ಲಿ ಗುರುತಿನ ಬಿಟ್ಟನ್ನು ಎರಡನೇ ಭಾಗಕ್ಕೆ ಸಾಗಿಸಿ, ಸರಿಸುವ ಸಂಖ್ಯೆಯನ್ನು ಎರಡರಿಂದ ಗುಣಿಸಿ ಇಡುತ್ತಾರೆ. ಎರಡು ಪಾಯಿಂಟರ್‌ಗಳು ಸಮವೇ ಎಂದು ಹೋಲಿಸುವಾಗ, ಒಂದನ್ನು ಇನ್ನೊಂದು ಕ್ಲಾಸಿಗೆ ಬದಲಾಯಿಸುವಾಗ, ಟೆಂಪ್ಲೇಟಿಗೆ ಕೊಡುವಾಗ, ಕಂಪೈಲ್ ಹಂತದಲ್ಲೇ ಬೆಲೆ ಕಟ್ಟುವಾಗ, ಎಲ್ಲ ಕಡೆಯೂ ಕಂಪೈಲರ್ ಈ ಎಲ್ಲ ವಿನಾಯಿತಿಗಳನ್ನು ನೆನಪಿಡಬೇಕು. ಬಗ್‌ಗಳು ಇಲ್ಲಿ ಗೂಡು ಕಟ್ಟದೆ ಇನ್ನೆಲ್ಲಿ ಕಟ್ಟಬೇಕು?

ಮೈಕ್ರೋಸಾಫ್ಟ್‌ನ ಕಂಪೈಲರ್ ಬೇರೆಯೇ ದಾರಿ ಹಿಡಿಯಿತು. ಸರಳ ಕ್ಲಾಸಿಗೆ ದೊಡ್ಡ ಪಾಯಿಂಟರ್ ಯಾಕೆ ಎಂದು ಅದು ಜಿಪುಣತನ ತೋರಿಸಿತು. 32 ಬಿಟ್‌ನ ಯಂತ್ರದಲ್ಲಿ, ಒಂದೇ ತಾಯಿ ಕ್ಲಾಸ್ ಇದ್ದರೆ ಮೆಂಬರ್ ಫಂಕ್ಷನ್ ಪಾಯಿಂಟರ್ 4 ಬೈಟ್, ಹಲವು ಇದ್ದರೆ 8, ವರ್ಚುವಲ್ ಇನ್‌ಹೆರಿಟೆನ್ಸ್ ಇದ್ದರೆ 12. ಕ್ಲಾಸಿನ ಹೆಸರು ಮಾತ್ರ ಕೇಳಿದ್ದು ಒಳಗೇನಿದೆ ಎಂದು ಇನ್ನೂ ಗೊತ್ತಿಲ್ಲದಿದ್ದರೆ, ಯಾವುದಕ್ಕೂ ಇರಲಿ ಎಂದು 16. ಈಗ ಒಂದು ಫೈಲಿನಲ್ಲಿ ಕ್ಲಾಸಿನ ಪೂರ್ತಿ ವಿವರ ಇದೆ, ಇನ್ನೊಂದರಲ್ಲಿ ಹೆಸರಷ್ಟೇ ಇದೆ ಎನ್ನಿ. ಒಂದೇ ಪ್ರೋಗ್ರಾಮಿನ ಎರಡು ಫೈಲುಗಳು ಒಂದೇ ಪಾಯಿಂಟರ್ ಎಷ್ಟು ದೊಡ್ಡದು ಎಂಬುದರಲ್ಲಿ ಭಿನ್ನಾಭಿಪ್ರಾಯ ಹೊಂದುತ್ತವೆ. ಒಂದು 4 ಬೈಟ್ ಬರೆಯುತ್ತದೆ, ಇನ್ನೊಂದು 16 ಓದುತ್ತದೆ. ಎಲ್ಲ ಕಡೆಯೂ ದೊಡ್ಡ ಅಳತೆಯನ್ನೇ ಬಳಸು ಎಂದು ಹೇಳುವ ಆಯ್ಕೆ ಆ ಕಂಪೈಲರ್‌ನಲ್ಲೇ ಇದೆ, ಕೈಪಿಡಿಯಲ್ಲೂ ಅದರ ವಿವರಣೆ ಇದೆ. ಹಾಗಾದರೆ ಇದು ಬಗ್ಗೋ, ನಿರ್ಧಾರವೋ? ಕೈಪಿಡಿಯಲ್ಲಿ ಬರೆದಿಟ್ಟ ಮಾತ್ರಕ್ಕೆ ದೋಷ ಗುಣವಾಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಬಗ್ ಎಂದು ವರದಿ ಮಾಡಿದರೆ ಗೆಲ್ಲುವುದು ಕಷ್ಟ. ವಿವಿಧ ಕಂಪೈಲರ್‌ಗಳು ಈ ಪಾಯಿಂಟರ್‌ಗಳನ್ನು ಹೇಗೆ ಒಳಗೊಳಗೇ ಕಟ್ಟಿಕೊಂಡಿವೆ ಎಂದು ಡಾನ್ ಕ್ಲಗ್‌ಸ್ಟನ್ 2004ರಲ್ಲಿ ಒಂದು ಉದ್ದನೆಯ ಲೇಖನ ಬರೆದರು. ಅಲ್ಲಿನ ಅಳತೆಗಳ ಕೋಷ್ಟಕ ನೋಡಿದರೆ ಒಂದೇ ಭಾಷೆಯ ಬಗ್ಗೆ ಮಾತಾಡುತ್ತಿದ್ದಾರೆಯೇ ಎಂದು ಅನುಮಾನ ಬರುತ್ತದೆ.

ವರದಿಯ ವಿಚಾರಕ್ಕೆ ಬರೋಣ. ‘ನನ್ನ ಪ್ರೋಗ್ರಾಮ್ ಓಡುತ್ತಿಲ್ಲ, ಕಂಪೈಲರ್ ಸರಿಯಿಲ್ಲ’ ಎಂಬುದು ವರದಿಯಲ್ಲ, ಗೊಣಗಾಟ. ಜಿಸಿಸಿ ತಂಡ ಕೇಳುವುದು ಇಷ್ಟು: ಕಂಪೈಲರ್‌ನ ಯಾವ ಆವೃತ್ತಿ, ಯಾವ ಯಂತ್ರ, ಕೊಟ್ಟ ಆದೇಶದ ಸಾಲು ಪೂರ್ತಿಯಾಗಿ, ಅದು ಹೇಳಿದ್ದೇನು, ಜೊತೆಗೆ ಪ್ರಿಪ್ರೊಸೆಸ್ ಆದ ಫೈಲ್. ಈ ಕೊನೆಯದರ ಮಹತ್ವ ಅನೇಕರಿಗೆ ಗೊತ್ತಿಲ್ಲ. ನಿಮ್ಮ ಕೋಡ್ ಹತ್ತು ಹೆಡರ್ ಫೈಲುಗಳನ್ನು ಒಳಗೆ ಎಳೆದುಕೊಳ್ಳುತ್ತದೆ, ಆ ಹೆಡರ್‌ಗಳು ನಿಮ್ಮ ಯಂತ್ರದಲ್ಲಿ ಇದ್ದ ಹಾಗೆ ಅವರ ಯಂತ್ರದಲ್ಲಿ ಇರುವುದಿಲ್ಲ. ಎಲ್ಲವನ್ನೂ ಒಳಗೆಳೆದ ಮೇಲಿನ ಒಂದೇ ಫೈಲ್ ಕಳಿಸಿದರೆ ಮಾತ್ರ ನಿಮಗೆ ಕಂಡದ್ದು ಅವರಿಗೂ ಕಂಡೀತು.

ತೊಂದರೆಯೆಂದರೆ ಆ ಫೈಲ್ ಹತ್ತಾರು ಸಾವಿರ ಸಾಲು ಇರುತ್ತದೆ. ಅದರ ಗಾತ್ರ ಇಳಿಸುವುದೇ ವರದಿಗಾರನ ನಿಜವಾದ ಕೆಲಸ. ಅರ್ಧ ತೆಗೆದು ನೋಡಿ, ಬಗ್ ಇನ್ನೂ ಇದೆಯೇ? ಇದ್ದರೆ ತೆಗೆದದ್ದು ಬೇಡ. ಇಲ್ಲದಿದ್ದರೆ ವಾಪಸ್ ಹಾಕಿ ಬೇರೆ ಅರ್ಧ ತೆಗೆಯಿರಿ. ಜರ್ಮನಿಯ ಆಂಡ್ರಿಯಾಸ್ ಝೆಲ್ಲರ್ 1999ರಲ್ಲಿ ಈ ವಿಧಾನಕ್ಕೆ ಶಾಸ್ತ್ರೀಯ ರೂಪ ಕೊಟ್ಟರು. 2012ರಲ್ಲಿ ರೆಗರ್ ತಂಡವೇ ‘ಸಿ-ರೆಡ್ಯೂಸ್’ ಎಂಬ ಸಾಧನ ಹೊರತಂದಿತು. ಫೈಲನ್ನೂ, ‘ಬಗ್ ಇನ್ನೂ ಇದೆಯೇ’ ಎಂದು ಹೇಳುವ ಪುಟ್ಟ ಸ್ಕ್ರಿಪ್ಟನ್ನೂ ಅದಕ್ಕೆ ಕೊಟ್ಟು ಊಟಕ್ಕೆ ಹೋಗಿಬಂದರೆ ಹತ್ತಾರು ಸಾವಿರ ಸಾಲು ಹತ್ತಾರು ಸಾಲಿಗೆ ಇಳಿದಿರಬಹುದು. ಆದರೆ ಅದು ಬುದ್ಧಿಯಿಲ್ಲದ ಕತ್ತರಿ. ಸ್ಕ್ರಿಪ್ಟನ್ನು ಸಡಿಲವಾಗಿ ಬರೆದರೆ ನಿಮ್ಮ ಬಗ್ಗನ್ನು ಕಳೆದು ಇನ್ಯಾವುದೋ ಬಗ್ಗನ್ನು ತಂದು ಮುಂದಿಡುತ್ತದೆ. ವೇರಿಯಬಲ್‌ಗೆ ಬೆಲೆ ಕೊಡುವ ಸಾಲನ್ನೇ ಕತ್ತರಿಸಿ ಹಾಕಿ, ತಪ್ಪು ಉತ್ತರ ಬಂತಲ್ಲ ಎಂದು ಬೀಗುತ್ತದೆ. ಅಂಥ ಕೋಡಿಗೆ ಕಂಪೈಲರ್ ಏನು ಉತ್ತರ ಕೊಟ್ಟರೂ ಸರಿಯೇ, ಏಕೆಂದರೆ ನಿಯಮ ಮುರಿದವರು ನೀವು. ಅದಕ್ಕೇ ಇಳಿಸಿದ ಮೇಲೆ, ಇಂಥ ನಿಯಮಭಂಗವನ್ನು ಓಡುವಾಗ ಹಿಡಿದುಕೊಡುವ ಸ್ಯಾನಿಟೈಸರ್‌ಗಳನ್ನು ಹಚ್ಚಿ ಮತ್ತೊಮ್ಮೆ ಓಡಿಸಬೇಕು. ಇನ್ನೊಂದು ಕಂಪೈಲರ್‌ಗೂ ಕೊಟ್ಟು ನೋಡಬೇಕು. ಮ್ಯಾಟ್ ಗಾಡ್‌ಬೋಲ್ಟ್ 2012ರಲ್ಲಿ ಆರಂಭಿಸಿದ ‘ಕಂಪೈಲರ್ ಎಕ್ಸ್‌ಪ್ಲೋರರ್’ನಲ್ಲಿ ಹತ್ತಾರು ಕಂಪೈಲರ್‌ಗಳ ಹಳೆಯ, ಹೊಸ ಆವೃತ್ತಿಗಳನ್ನೆಲ್ಲ ಬ್ರೌಸರಿನಲ್ಲೇ ಪರೀಕ್ಷಿಸಬಹುದು.

ಹಳೆಯ ಆವೃತ್ತಿಯಲ್ಲಿ ಸರಿಯಿದ್ದು ಹೊಸದರಲ್ಲಿ ಕೆಟ್ಟಿದ್ದರೆ ನಿಮ್ಮ ವರದಿಗೆ ತೂಕ ಹೆಚ್ಚು. ಯಾವ ಬದಲಾವಣೆಯಿಂದ ಕೆಟ್ಟಿತು ಎಂದು ಹುಡುಕುವುದೂ ಸುಲಭ: ನಡುವೆ ಸಾವಿರ ಬದಲಾವಣೆಗಳಿದ್ದರೂ ಅರ್ಧರ್ಧ ಮಾಡುತ್ತ ಹೋದರೆ ಹತ್ತು ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ.

ಇಳಿಸಿ ಇಳಿಸಿ ಉಳಿಯುವ ಸಾಕ್ಷ್ಯ ಎಷ್ಟು ಚಿಕ್ಕದಿರಬಹುದು ಎಂಬುದಕ್ಕೆ ಒಂದು ನಿಜವಾದ ದೋಷವನ್ನೇ ಹತ್ತಿರದಿಂದ ನೋಡೋಣ. ‘ಮುದ್ರೆ’ ಎಂಬ ಖಾಲಿ ಕ್ಲಾಸ್. ಅದರಿಂದ ಹುಟ್ಟಿದ ‘ಎಡ’ ಮತ್ತು ‘ಬಲ’, ಅವೂ ಖಾಲಿ. ಆ ಎರಡರಿಂದಲೂ ಹುಟ್ಟಿದ ‘ಮಗು’, ಅದರಲ್ಲಿ ಒಂದೇ ಒಂದು ಬೈಟ್‌ನ ಮೆಂಬರ್, ಹೆಸರು ‘ಅಕ್ಷರ’. ಒಂದೇ ಬಗೆಯ ಎರಡು ಭಾಗಗಳು ಒಂದೇ ವಿಳಾಸದಲ್ಲಿ ಇರಬಾರದು ಎಂದು ಸಿ++ನ ನಿಯಮ. ಎಡದ ಒಳಗೊಂದು ಮುದ್ರೆ, ಬಲದ ಒಳಗೊಂದು ಮುದ್ರೆ. ಆದ್ದರಿಂದ ಎಡ 0ಯಲ್ಲಿ ಕೂತರೆ ಬಲ 1ಕ್ಕೆ ಸರಿಯಬೇಕು. ಅಕ್ಷರಕ್ಕೆ ಆ ನಿರ್ಬಂಧವಿಲ್ಲ, ಅದು 0ಯಲ್ಲೇ ಕೂರುತ್ತದೆ. ಈಗ ‘&ಮಗು::ಅಕ್ಷರ’ ತೆಗೆದುಕೊಳ್ಳಿ, ಬೆಲೆ 0. ಅದನ್ನು ಬಲ ಎಂಬ ತಾಯಿ ಕ್ಲಾಸಿನ ಮೆಂಬರ್ ಪಾಯಿಂಟರ್ ಆಗಿ ಬದಲಾಯಿಸಿ. ಭಾಷೆಯ ನಿಯಮಗ್ರಂಥ ಇದನ್ನು ಒಪ್ಪುತ್ತದೆ, ಬದಲಾದ ಮೇಲೂ ಅದು ಅದೇ ಅಕ್ಷರವನ್ನು ತೋರಿಸಬೇಕು ಎನ್ನುತ್ತದೆ. ಕಂಪೈಲರ್ ಮಾಡುವ ಲೆಕ್ಕ: ಬಲ ಇರುವುದು 1ರಲ್ಲಿ, ಅಲ್ಲಿಂದ ನೋಡಿದರೆ ಅಕ್ಷರ ಇರುವುದು 0 − 1, ಅಂದರೆ −1.

−1 ಎಂದರೆ ನಲ್. ಜೀವಂತ ಮೆಂಬರ್ ಒಂದನ್ನು ತೋರಿಸುತ್ತಿರುವ ಪಾಯಿಂಟರ್ ‘ನಾನು ಏನನ್ನೂ ತೋರಿಸುತ್ತಿಲ್ಲ’ ಎನ್ನತೊಡಗುತ್ತದೆ. ಹತ್ತು ಹದಿನೈದು ಸಾಲಿನ ಕೋಡ್, ಹೆಡರ್ ಒಂದೂ ಬೇಡ, ನಿಯಮ ಎಲ್ಲೂ ಮುರಿದಿಲ್ಲ. ವರದಿ ಎಂದರೆ ಹೀಗಿರಬೇಕು.

ಇದನ್ನು ತಿದ್ದಿದರಾಯಿತಲ್ಲ, −1ರ ಬದಲು ಯಾರಿಗೂ ಬೇಡದ ಯಾವುದೋ ದೊಡ್ಡ ಋಣಸಂಖ್ಯೆ ಇಡಬಹುದಲ್ಲ? ಇಡಲಾಗದು. ನಲ್ ಎಂದರೆ −1 ಎಂಬುದು ಜಿಸಿಸಿಯ ಸ್ವಂತ ನಿರ್ಧಾರವಲ್ಲ, ಹಲವು ಕಂಪೈಲರ್‌ಗಳ ನಡುವಿನ ಒಡಂಬಡಿಕೆ. ಬೇರೆ ಬೇರೆ ಕಂಪೈಲರ್‌ಗಳಲ್ಲಿ ತಯಾರಾದ ಲೈಬ್ರರಿಗಳು ಒಟ್ಟಿಗೆ ಕೆಲಸ ಮಾಡಲೆಂದು ಮಾಡಿಕೊಂಡ ಈ ಕರಾರಿಗೆ ಎಬಿಐ ಎನ್ನುತ್ತಾರೆ. ಇದು ಮೊದಲು ರೂಪುಗೊಂಡದ್ದು ಇಂಟೆಲ್‌ನ ಇಟೇನಿಯಂ ಪ್ರೊಸೆಸರ್‌ಗಾಗಿ. ಆ ಪ್ರೊಸೆಸರ್‌ನ ಸರಬರಾಜು 2021ರಲ್ಲಿ ನಿಂತೇಹೋಯಿತು, ಕರಾರು ಮಾತ್ರ ಲಿನಕ್ಸ್, ಮ್ಯಾಕ್, ಆಂಡ್ರಾಯ್ಡ್‌ಗಳಲ್ಲೆಲ್ಲ ಬದುಕಿದೆ. ಇವತ್ತು ನಲ್‌ನ ಬೆಲೆ ಬದಲಿಸಿದರೆ ನಿನ್ನೆ ತಯಾರಾದ ಲೈಬ್ರರಿ ಕೊಡುವ −1 ನಾಳೆಯ ಪ್ರೋಗ್ರಾಮಿಗೆ ನಲ್ ಎಂದು ಅರ್ಥವಾಗುವುದಿಲ್ಲ. ಒಂದು ಅಪರೂಪದ ದೋಷ ಸರಿಪಡಿಸಲು ಹೋಗಿ ಓಡುತ್ತಿರುವ ಎಲ್ಲವನ್ನೂ ಕೆಡಿಸಿದಂತಾಗುತ್ತದೆ. ಆದ್ದರಿಂದ ಕರಾರಿನ ದಾಖಲೆಯೇ ಇದನ್ನು ಒಪ್ಪಿಕೊಂಡು ಬರೆದಿಟ್ಟಿದೆ: ತಾಯಿ ಕ್ಲಾಸಿಗೆ ಬದಲಾಯಿಸುವಾಗ −1 ಹುಟ್ಟುವ ಸಾಧ್ಯತೆಯಿದೆ, ಹುಟ್ಟಿದರೆ ಕಂಪೈಲರ್‌ಗಳು ತಪ್ಪಾಗಿ ನಡೆದುಕೊಂಡಾವು. ನನ್ನ ಮಟ್ಟಿಗೆ ಇದು ಸರಿಯಾದ ತೀರ್ಮಾನ. ದೋಷವನ್ನು ಮುಚ್ಚಿಟ್ಟಿಲ್ಲ, ನಿಯಮಕ್ಕೆ ಬಣ್ಣ ಹಚ್ಚಿ ಸರಿಯೆಂದೂ ಹೇಳಿಲ್ಲ.

ಎಲ್ಲ ವರದಿಗಳ ಗತಿ ಹೀಗೇ ಆಗುವುದಿಲ್ಲ. ಹೊಸದಾಗಿ ಬಂದದ್ದು ಜಿಸಿಸಿಯ ಕಡತದಲ್ಲಿ ‘ಖಚಿತವಾಗಿಲ್ಲ’ ಎಂದು ದಾಖಲಾಗುತ್ತದೆ. ಯಾರಾದರೂ ತಮ್ಮ ಯಂತ್ರದಲ್ಲಿ ಅದನ್ನೇ ಮರುಕಳಿಸಿ ನೋಡಿದ ಮೇಲೆ ಅದಕ್ಕೆ ಒಂದು ಜಾತಿ ಸಿಗುತ್ತದೆ: ಸರಿಯಾದ ಕೋಡನ್ನು ತಿರಸ್ಕರಿಸಿತು, ತಪ್ಪು ಕೋಡನ್ನು ಒಪ್ಪಿತು, ಕುಸಿಯಿತು, ತಪ್ಪು ಅನುವಾದ ಮಾಡಿತು. ತಪ್ಪು ಅನುವಾದಕ್ಕೆ ಎಲ್ಲರೂ ಹೆದರುತ್ತಾರೆ. ತಿದ್ದಿದ ಮೇಲೆ ನಿಮ್ಮ ಹತ್ತು ಸಾಲು ಕಂಪೈಲರ್‌ನ ಪರೀಕ್ಷಾ ಸಂಗ್ರಹಕ್ಕೆ ಸೇರುತ್ತದೆ, ಮುಂದಿನ ಆವೃತ್ತಿಗಳೆಲ್ಲ ಆ ಪರೀಕ್ಷೆ ಪಾಸಾಗಿಯೇ ಹೊರಬರಬೇಕು.

ನಮ್ಮಲ್ಲಿ ಸಿ++ ಬರೆಯುವವರು ಎಷ್ಟೋ ಮಂದಿ ಇದ್ದಾರೆ. ಬೆಂಗಳೂರಿನ ಕಚೇರಿಗಳಲ್ಲಿ ಕಂಪೈಲರ್ ಕೈಕೊಟ್ಟಾಗ ಸಾಮಾನ್ಯವಾಗಿ ಆಗುವುದೇನೆಂದರೆ, ಕೋಡನ್ನು ಸ್ವಲ್ಪ ಅತ್ತಿತ್ತ ತಿರುಚಿ ಕೆಲಸ ಮುಗಿಸುವುದು, ರಿಲೀಸ್ ತಾರೀಖು ನೋಡಿಕೊಂಡು ಮುಂದೆ ಹೋಗುವುದು. ಇಂಗ್ಲಿಷಿನಲ್ಲಿ ಉದ್ದಕ್ಕೆ ಬರೆಯಬೇಕಾದೀತು, ಯಾರಾದರೂ ನಕ್ಕಾರು ಎಂಬ ಅಳುಕೂ ಹಲವರಿಗಿದೆ. ಅಳುಕಬೇಡಿ. ಒಳ್ಳೆಯ ವರದಿಗೆ ಬೇಕಾದ ಇಂಗ್ಲಿಷ್ ನಾಲ್ಕು ವಾಕ್ಯ: ಈ ಆವೃತ್ತಿ, ಈ ಆದೇಶ, ಬರಬೇಕಾದ ಉತ್ತರ ಇದು, ಬಂದದ್ದು ಇದು. ಉಳಿದದ್ದನ್ನು ಆ ಹತ್ತು ಸಾಲು ಕೋಡ್ ಹೇಳುತ್ತದೆ. ಮುಂದಿನ ಸಲ ಬಗ್ ಸಿಕ್ಕರೆ ತಿರುಚಿ ಮುಗಿಸುವ ಮೊದಲು ಒಂದು ಸಂಜೆ ಕೂತು ಇಳಿಸಿ ನೋಡಿ, ಉಳಿದರೆ ಕಳಿಸಿಬಿಡಿ.